ಬಾಲ ಆಡಿಸುವ ನಾಯಿಗೂ ನೋವಿರುತ್ತದೆ

ವಾಸನೆ ಬರುತ್ತಿದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಶರಾವತಿಯ ಮನೆಯಂಗಳದಲ್ಲಿ ಸ್ವಸಹಾಯ ಸಂಘದ ಹೆಂಗಸರು ಅಪ್ಪೆಮಿಡಿ ಆರಿಸುತ್ತಾ ಕೂತಿದ್ದರು. ಹೊಸನಗರದ ಕಡೆ ಬೇಸಿಗೆ ಬಂತೆಂದರೆ ಉಪ್ಪಿನಕಾಯಿ ಕೆಲಸ ಶುರು. ಸಂಘದ ಮಿಡಿ ಉಪ್ಪಿಗೆ ಬೀಳುವುದು ಪ್ರತಿ ವರ್ಷ ಶರಾವತಿಯ ಮನೆಯಲ್ಲೇ. ಈ ವರ್ಷ ಒಬ್ಬಳು ಕೂತಲ್ಲೇ ಸೆರಗನ್ನು ಮೂಗಿಗೆ ಹಿಡಿದಳು. ಇನ್ನೊಬ್ಬಳು ಬುಟ್ಟಿ ಎತ್ತಿಕೊಂಡು ಬಾಗಿಲಾಚೆ ರಸ್ತೆ ಬದಿಗೆ ಹೋಗಿ ಕೂತಳು. ಮೂರನೆಯವಳು ನಯವಾಗಿ ಹೇಳಿದಳು:

"ಶರಾವತಕ್ಕ, ನಾಳೆಯಿಂದ ನಮ್ಮನೆ ಜಗಲೀಲಿ ಮಾಡಾಣ. ಪಾಪ, ನಿಮ್ಗೂ ಸುಮ್ನೆ ತೊಂದ್ರೆ."

"ತೊಂದ್ರೆ ಎಂತದು ಬಂತು? ವಾಸ್ನೆ ಅಂತ ಹೇಳಿ, ಸಾಕು" ಎಂದಳು ಶರಾವತಿ.

ಎಲ್ಲರ ಕಣ್ಣು ಸೌದೆ ಕೊಟ್ಟಿಗೆಯ ಕಡೆ ಹೋಗಿ ಬಂತು. ಅಲ್ಲಿ ಗೋಣಿಚೀಲದ ಮೇಲೆ ಸೋಮಿ ಮಲಗಿತ್ತು.

ಸೋಮಿ ಆ ಮನೆಯ ನಾಯಿ. ಸೋಮವಾರ ಎಲ್ಲಿಂದಲೋ ಬಂದ ಮರಿ ಎಂದು ಆ ಹೆಸರು. ವಯಸ್ಸು ಹನ್ನೆರಡೋ ಹದಿಮೂರೋ. ಶರಾವತಿಯ ಗಂಡ ಮಂಜುನಾಥಪ್ಪನಿಗೆ ಒಂದು ಗೂಡ್ಸ್ ಆಟೋ ಇದೆ. ರಿಪ್ಪನ್‌ಪೇಟೆ, ಸಾಗರ, ತೀರ್ಥಹಳ್ಳಿ ಎಂದು ಅವನು ಎಲ್ಲಿಗೆ ಬಾಡಿಗೆ ಹೋದರೂ ಹಿಂದಿನ ಡಬ್ಬದಲ್ಲಿ ಸೋಮಿ ನಿಂತಿರುತ್ತಿತ್ತು. ಗದ್ದೆಗೆ ಹಂದಿ ಬಂದಾಗ ಓಡಿಸಿದ್ದೂ ಅದೇ.

ಹೊಟ್ಟೆಯಡಿ ಮೊಲೆಯ ಹತ್ತಿರ ಗಂಟು ಕಾಣಿಸಿದ್ದು ಮೂರು ವರ್ಷದ ಹಿಂದೆ. ಆಗ ಅದು ಅಡಿಕೆ ಗಾತ್ರದ್ದು. ದನಕ್ಕೆ ಲಸಿಕೆ ಹಾಕಲು ಬಂದ ಪಶುವೈದ್ಯರು ಕೈಯಿಟ್ಟು ನೋಡಿ, "ಇದನ್ನು ಈಗಲೇ ತೆಗೆಸಿ" ಎಂದಿದ್ದರು. ನಾಟಿ ಮುಗೀಲಿ ಎಂದ ಮಂಜುನಾಥಪ್ಪ. ನಾಟಿ ಮುಗಿಯಿತು, ಕೊಯ್ಲೂ ಮುಗಿಯಿತು. ಗಂಟು ತೆಂಗಿನಕಾಯಿಯಷ್ಟಾಗಿ, ಈ ಶಿವರಾತ್ರಿಯ ಹೊತ್ತಿಗೆ ಒಡೆಯಿತು.

ಒಡೆದ ಮೇಲೆ ಅತ್ತೆ ಶೇಷಮ್ಮ ಚೌಡಮ್ಮನ ಗುಡಿಗೆ ಹೋಗಿ ಹೂ ಕೇಳಿದರು. ಆ ಊರಿನಲ್ಲಿ ಯಾವುದೂ ತೋಚದಿದ್ದರೆ ಹೂ ಕೇಳುವುದೇ ರೂಢಿ. ಅಮ್ಮನ ಕಲ್ಲಿಗೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಇಡಬೇಕು. ಬಲಗಡೆಯದ್ದು ಬಿದ್ದರೆ ಹೌದು, ಎಡಗಡೆಯದ್ದು ಬಿದ್ದರೆ ಇಲ್ಲ.

"ನಾಯಿ ಉಳೀತದಾ ತಾಯಿ?" ಎಂದು ಶೇಷಮ್ಮ ಕೇಳಿದರು. ಬಲಗಡೆಯ ಹೂ ಬಿತ್ತು.

ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಉಳಿಯುವುದೆಂದರೆ ಹೇಗೆ ಉಳಿಯುವುದು ಎಂದು ಯಾರೂ ಕೇಳಿರಲಿಲ್ಲ. ಸೋಮಿ ಉಳಿಯಿತು. ಹುಣ್ಣಿಗೆ ಹುಳ ಬಿತ್ತು, ಹಿಂಗಾಲಿನ ಬಲ ಹೋಯಿತು. ಮಲಗಿದಲ್ಲೇ ಉಚ್ಚೆ, ಮಲಗಿದಲ್ಲೇ ಹೇಲು. ಬೆಳಗಾದರೆ ಶರಾವತಿ ಚಿಮಟ ಹಿಡಿದು ಹುಳ ತೆಗೆಯಬೇಕು, ಔಷಧಿ ಸುರಿಯಬೇಕು, ಗೋಣಿ ಬದಲಿಸಬೇಕು. ಒಂದು ದಿನ ಕೈ ಹತ್ತಿರ ಹೋದಾಗ ಸೋಮಿ ಗುರ್ ಎಂದಿತು. ಇಷ್ಟು ವರ್ಷದಲ್ಲಿ ಅವಳ ಮೇಲೆ ಅದು ಗುರ್ ಎಂದದ್ದು ಅದೇ ಮೊದಲು.

ಅಂದು ಹೆಂಗಸರೆಲ್ಲ ಎದ್ದು ಹೋದ ಮೇಲೂ ಪ್ರತಿಮಾ ಕೂತೇ ಇದ್ದಳು. ಅವಳು ಸಂಘದ ಸದಸ್ಯೆ, ಊರಿನ ಪಶುಸಖಿಯೂ ಹೌದು. ದನಕರುಗಳ ಲಸಿಕೆ, ಜಂತುಹುಳದ ಔಷಧಿ ಎಂದು ಮನೆಮನೆ ತಿರುಗುವುದು ಅವಳ ಕೆಲಸ. ಎದ್ದು ಕೊಟ್ಟಿಗೆಗೆ ಹೋಗಿ ಸೋಮಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಕ್ಕ, ಇದು ವಾಸಿ ಆಗಾದಲ್ಲ."

"ಗೊತ್ತು."

"ಹೋದ ವಾರ ಡಾಕ್ಟರು ನೋಡಿ ಎಂತ ಹೇಳಿದ್ರು?"

"ಶ್ವಾಸಕೋಶಕ್ಕೂ ಹಬ್ಬಿರಬಹುದು, ಈಗ ಕೊಯ್ದ್ರೆ ತಡಕಳಾದಿಲ್ಲ ಅಂದ್ರು. ಮತ್ತೆ… ಇಂಜೆಕ್ಷನ್ ಇದೆ, ಮನೇಲಿ ಮಾತಾಡ್ಕಳಿ ಅಂದ್ರು."

"ಮಾತಾಡಿದ್ರಾ?"

"ಎಂತ ಅಂತ ಮಾತಾಡ್ಲಿ ಮಾರಾಯ್ತಿ? ಕೊಲ್ಲಾಣ ಅಂತನಾ?"

"ಹೌದು. ಅದು ಕೊಲ್ಲದೇ. ಬೇರೆ ಹೆಸ್ರು ಇಟ್ರೆ ಸುಳ್ಳಾಗ್ತದೆ" ಎಂದಳು ಪ್ರತಿಮಾ. "ಆದ್ರೆ ಈಗ ಈ ಗೋಣಿ ಮೇಲೆ ನಡೀತಿರದು ಎಂತದು? ಇದೂ ಕೊಲ್ಲದೇ. ನಿಧಾನ, ಅಷ್ಟೇ."

ಶರಾವತಿ ನೊಣ ಓಡಿಸುತ್ತಾ ನಿಂತಳು. ಆಮೇಲೆ ಕೇಳಿದಳು: "ಹೊತ್ತು ಬಂತು ಅಂತ ಹೆಂಗೆ ಗೊತ್ತಾಗ್ತದೆ? ಅವಸರ ಮಾಡ್ದಂಗೆ ಆದ್ರೆ?"

"ತಾನಾಗಿ ತಿಂತದಾ, ನೀವು ಬಾಯಿಗೆ ಹಿಡೀಬೇಕಾ?"

"ಹಿಡಿದ್ರೂ ಇಲ್ಲ."

"ತಾನಾಗಿ ಎದ್ದು ಹೊರಗೆ ಹೋಗ್ತದಾ?"

"ನೀನೇ ನೋಡ್ತಿದ್ಯಲ್ಲ."

"ಮುಂಚೆ ಇಷ್ಟ ಇದ್ದದ್ದು ಯಾವುದಾದ್ರೂ ಈಗ್ಲೂ ಬೇಕು ಅಂತದಾ?"

ಶರಾವತಿ ಯೋಚಿಸಿದಳು. "ಇವರ ಆಟೋ ಸದ್ದು ಕೇಳಿದ್ರೆ ತಲೆ ಎತ್ತಿ ಬಾಲ ಆಡಿಸ್ತದೆ."

"ಎಷ್ಟು ಹೊತ್ತು?"

"ಇವರು ತಲೆ ಸವರಿ ಕಾಲು ತೊಳಿಯಾಕೆ ಹೋಗಾವರೆಗೆ."

"ಆಮೇಲೆ?"

"ಆಮೇಲೆ ಮುಲುಗ್ತದೆ. ಬೆಳಗಾಗಾವರೆಗೂ ಮುಲುಗ್ತದೆ."

"ಹಂಗಾದ್ರೆ ಮಂಜಣ್ಣ ನೋಡಾದು ಅಷ್ಟೇ ಹೊತ್ತು" ಎಂದು ಪ್ರತಿಮಾ ಎದ್ದಳು. "ಉಳಿದ ಹೊತ್ತೆಲ್ಲ ನೋಡಾದು ನೀವು."

ಸಂಜೆ ಆಟೋ ಬಂತು. ಸೋಮಿ ತಲೆ ಎತ್ತಿತು. ಬಾಲ ಗೋಣಿಗೆ ತಟ್ ತಟ್ ಎಂದು ಬಡಿಯಿತು. ಮಂಜುನಾಥಪ್ಪನ ಮುಖ ಅರಳಿತು.

"ನೋಡು, ನೋಡು! ಎಂತ ಆಗಿದೆ ಇದ್ಕೆ? ಬಾಲ ಆಡಿಸ್ತಿಲ್ವಾ? ಅವ್ವ, ಚೌಡಮ್ಮ ಹೇಳಿದ್ದು ಸುಳ್ಳಾಗಾದಿಲ್ಲ."

ಊಟಕ್ಕೆ ಬಡಿಸುವಾಗ ಶರಾವತಿ ಇಂಜೆಕ್ಷನ್ನಿನ ಮಾತು ತೆಗೆದಳು. ಗಂಡ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟ. ಮೊದಲು ಮಾತಾಡಿದ್ದು ಶೇಷಮ್ಮ.

"ಭೈರವನ ವಾಹನ ಕಣೆ ಅದು. ಮನೆ ಕಾದ ನಾಯಿಗೆ ಸೂಜಿ ಹಾಕ್ಸಾದಾ? ತಾನಾಗಿ ಹೋಗ್ಲಿ. ನಾಳೆ ನಾನು ಹಾಸಿಗೆ ಹಿಡಿದ್ರೆ ನಂಗೂ ಹಾಕ್ಸ್ತೀಯನಾ?"

ಗಂಡನೂ ತಾಯಿಯ ಮಾತಿಗೇ ಜೋತುಬಿದ್ದ. "ಪ್ರತಿಮಾಗೆ ಎಂತ? ಹೇಳಿ ಹೋಗ್ತಾಳೆ. ಸಾಕಿದವ್ರು ನಾವು. ನೋವು ಅಷ್ಟೇ ತಾನೆ? ಅದ್ಕೆ ನಾನು ಮಾಡ್ತೀನಿ."

ಅವನು ಮಾಡಿದ್ದು ಇಷ್ಟು. ತನ್ನ ಸೊಂಟನೋವಿಗೆಂದು ಮೆಡಿಕಲ್‌ನಿಂದ ತಂದಿಟ್ಟುಕೊಂಡ ಮಾತ್ರೆಯನ್ನು ಬನ್ನಿನೊಳಗೆ ಅಡಗಿಸಿ ಸೋಮಿಯ ಗಂಟಲಿಗೆ ತಳ್ಳಿದ. ಮರುದಿನವೂ ತಳ್ಳಿದ. ಮನುಷ್ಯರ ಮಾತ್ರೆ ನಾಯಿಗೆ ವಿಷವಾಗಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಆಮೇಲೆ ಸೋಮಿ ರಕ್ತ ಕಾರಿತು. ಹೇಲು ಟಾರಿನಂತೆ ಕಪ್ಪಾಯಿತು. ಅವನು ಬೆಳಿಗ್ಗೆ ಎದ್ದು ಬಾಡಿಗೆಗೆ ಹೋದ. ಒರೆಸಿದ್ದು ಶರಾವತಿ.

ಅವಳು ಹಿತ್ತಿಲಲ್ಲಿ ಗೋಣಿ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಉಮೇಶ್ ಬೇಲಿಯ ಹತ್ತಿರ ಬಂದ. ಅವನು ಶುಂಠಿ ಬೆಳೆಯುವವನು.

"ಅತ್ತಿಗೆ, ಎಷ್ಟು ದಿನ ಅಂತ ಒದ್ದಾಡ್ತೀರಿ? ನನ್ ಹತ್ರ ತೈಮೆಟ್ ಇದೆ. ಶುಂಠಿಗೆ ಹಾಕಾಕೆ ತಂದ ವಿಷ. ಒಣಮೀನಲ್ಲಿ ಒಂದು ಚೂರು ಇಟ್ಟು ಹಾಕಿ. ಮಂಜಣ್ಣಂಗೆ ತಾನಾಗೇ ಹೋಯ್ತು ಅನ್ನಿ. ನಾನೂ ಬಾಯಿ ಬಿಡಾದಿಲ್ಲ."

ಚಿಕ್ಕ ಪೊಟ್ಟಣವನ್ನು ಬೇಲಿಯ ಮೇಲಿಟ್ಟು ಹೋದ. ಶರಾವತಿ ಅದನ್ನು ಕೈಗೆ ತೆಗೆದುಕೊಂಡಳು. ತೆಗೆದುಕೊಳ್ಳಲಿಲ್ಲ ಎಂದು ಹೇಳಿದರೆ ಈ ಕಥೆ ಸುಳ್ಳಾಗುತ್ತದೆ. ಅಡುಗೆಮನೆಗೆ ಹೋಗಿ ಒಣಮೀನಿನ ಡಬ್ಬವನ್ನೂ ತೆಗೆದಳು. ಆಗ ಅವಳಿಗೆ ಉಮೇಶನ ಮನೆಯ ಹಳೆಯ ನಾಯಿ ನೆನಪಾಯಿತು. ಅದಕ್ಕೂ ಹೀಗೇ ಮೀನು ಹಾಕಿದ್ದರು. ಬಾಯಲ್ಲಿ ನೊರೆ, ಕೈಕಾಲು ಸೆಟೆದು ಬಡಿಯುವುದು, ಅಂಗಳವಿಡೀ ಉರುಳುವುದು. ಅದು ಬೇಗ ಮುಗಿಯಲೂ ಇಲ್ಲ. ಉಳಿದ ಮೀನು ತಿಂದ ಕಾಗೆಗಳೂ ಸತ್ತು ಬಿದ್ದಿದ್ದವು.

ಅವಳು ಪೊಟ್ಟಣವನ್ನು ಉಮೇಶನ ಕೈಗೇ ವಾಪಸು ಕೊಟ್ಟಳು.

"ಇದು ಬೇಡ ಮಾರಾಯ. ಇದ್ನ ಶುಂಠಿಗೇ ಇಟ್ಕಾ. ಮಕ್ಕಳ ಕೈಗೆ ಸಿಗ್ದಂಗೆ ಇಟ್ಕಾ."

ಕೈಯನ್ನು ಸೋಪು ಹಾಕಿ ಮತ್ತೆ ಮತ್ತೆ ತೊಳೆದಳು. ಇನ್ನು ತನಗೆ ಆಗುವುದಿಲ್ಲ ಎಂದು ಆಗ ಅವಳಿಗೆ ಖಚಿತವಾಯಿತು. ಸೋಮಿಯ ಮೇಲಿನ ಪ್ರೀತಿ ಮುಗಿದಿರಲಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಅದು ಸತ್ತಿರಲಿ ಎಂದು ಕೊಟ್ಟಿಗೆ ಇಣುಕುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮರುದಿನ ಮಂಜುನಾಥಪ್ಪ ಆಟೋದ ಕೀಲಿ ಹುಡುಕಿದರೆ ಮೊಳೆಯಲ್ಲಿ ಇರಲಿಲ್ಲ. ಶರಾವತಿಯ ಸೊಂಟದಲ್ಲಿತ್ತು.

"ಇವತ್ತು ಬಾಡಿಗೆ ಬೇಡ. ನೀವು ಮನೇಲಿರಿ."

"ಎಂತ ಹುಚ್ಚು? ಸಾಗರಕ್ಕೆ ಲೋಡು ಒಪ್ಕಂಡಿದೀನಿ."

"ಬೇರೆ ಆಟೋದವ್ರಿಗೆ ಹೇಳಿ. ಸೂಜಿ ಬೇಡ ಅಂದವ್ರು ನೀವು. ಆತು, ಬೇಡ. ಇವತ್ತು ಹುಳ ನೀವು ತೆಗೀರಿ. ಹೇಲು ನೀವು ಬಳೀರಿ. ಸಂಜೆವರೆಗೂ ಅದ್ರ ಹತ್ರ ಕೂತ್ಕಳಿ. ಆಮೇಲೂ ಬೇಡ ಅಂದ್ರೆ ನಾನು ಇನ್ನು ಬಾಯಿ ಬಿಡಾದಿಲ್ಲ."

ಅವನು ಬೈದ. ತಾಯಿಯ ಮುಖ ನೋಡಿದ. ಶೇಷಮ್ಮ, "ಕೂತ್ಕಳಾಕೆ ಎಂತ? ಕೂತ್ಕ" ಎಂದರು. ಅವನು ಕೊಟ್ಟಿಗೆಗೆ ಹೋದ.

ಹುಣ್ಣಿನ ಮೇಲಿನ ಬಟ್ಟೆ ತೆಗೆದವನು ಮುಖ ಆಚೆ ತಿರುಗಿಸಿದ. ಹುಣ್ಣು ಅಷ್ಟು ಒಳಗೆ ಹೋಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಚಿಮಟ ತಾಗಿದಾಗ ಸೋಮಿ ಕೂಗಿತು. ಅವನು ಚಿಮಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡ. ಶರಾವತಿ ಸಹಾಯಕ್ಕೆ ಹೋಗಲಿಲ್ಲ. ಬಿಸಿಲು ಏರಿತು. ನೀರಿನ ಬಟ್ಟಲು ಮೂತಿಗೆ ಹಿಡಿದರೆ ಸೋಮಿ ಮುಖ ತಿರುಗಿಸಿತು. ಮಧ್ಯಾಹ್ನ ಎದ್ದು ಹೊರಗೆ ಹೋಗಲು ನೋಡಿತು. ಮುಂಗಾಲು ಊರಿ ಸ್ವಲ್ಪ ಎಳೆದುಕೊಂಡು, ಅಲ್ಲೇ ಬಿದ್ದು, ಬಿದ್ದಲ್ಲೇ ಉಚ್ಚೆ ಹೊಯ್ದು, ಅವನ ಮುಖ ನೋಡದೆ ಗೋಡೆಗೆ ತಿರುಗಿಕೊಂಡಿತು.

ಅಂದು ಯಾವ ಆಟೋದ ಸದ್ದೂ ಬರಲಿಲ್ಲ. ಸೋಮಿ ಒಮ್ಮೆಯೂ ಬಾಲ ಆಡಿಸಲಿಲ್ಲ. ಅವನು "ಸೋಮಿ, ಸೋಮಿ" ಎಂದು ಕರೆದು ನೋಡಿದ. ಕಿವಿ ಅಲುಗಿತು, ಅಷ್ಟೇ.

ಹೊತ್ತು ಇಳಿಯುವ ಮುಂಚೆಯೇ ಅವನು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ದಿನಾ ಹಿಂಗೇನಾ?"

"ದಿನಾ ಹಿಂಗೇ."

"ಒಂದಿನಾನೂ ಹೇಳ್ಲಿಲ್ಲ ನೀನು."

"ಹೇಳಿದೆ. ನೀವು ಬಾಲ ನೋಡ್ತಿದ್ರಿ."

ಅವನು ಪ್ರತಿಮಾಗೆ ತಾನೇ ಫೋನ್ ಮಾಡಿದ. ಶೇಷಮ್ಮ ಕೋಲು ಊರಿಕೊಂಡು ಎದ್ದರು.

"ನಿಲ್ಲು. ನಾನು ಹೋಗಿ ಇನ್ನೊಂದ್ಸಲ ಹೂ ಕೇಳ್ಕಂಡು ಬರ್ತೀನಿ."

"ಬೇಡವ್ವ. ಉಳೀತದಾ ಅಂತ ಕೇಳಿದ್ಯಲ್ಲ, ಅಮ್ಮ ಸರಿಯಾಗೇ ಹೇಳಿದಾಳೆ. ಉಳಿದಿದೆ. ಹೆಂಗೆ ಉಳಿದಿದೆ ಅಂತ ಒಂದ್ಸಲ ಹೋಗಿ ನೋಡು."

ಶೇಷಮ್ಮ ಕೊಟ್ಟಿಗೆಯ ಬಾಗಿಲವರೆಗೆ ಹೋದರು. ಬಹಳ ಹೊತ್ತು ನಿಂತರು. ವಾಪಸು ಬಂದಾಗ ಶರಾವತಿ ಅವರಿಗೆ ನೀರು ಕೊಟ್ಟು ಮೆಲ್ಲಗೆ ಹೇಳಿದಳು: "ಅತ್ತೆ, ನೀವು ಮಲಗಿದ್ರೆ ನೋವು ಇಲ್ಲಿ, ಅಲ್ಲಿ ಅಂತ ಹೇಳ್ತೀರಿ. ಆಸ್ಪತ್ರೇಲಿ ನೋವಿಗೆ ಕೊಡ್ತಾರೆ. ಬೇಕು, ಬೇಡ ಅನ್ನಾಕೆ ನಿಮ್ಗೆ ಬಾಯಿದೆ. ಅದ್ಕೆ ಎಂತ ಇದೆ?"

"ಪಾಪ ಬರಾದು ಬರ್ತದೆ" ಎಂದರು ಶೇಷಮ್ಮ. "ಬಂದ್ರೆ ನಂಗೆ ಬರ್ಲಿ. ನಂಗೆ ವಯಸ್ಸಾಗಿದೆ. ಕರೆಸಿ."

ಸೋಮಿಯನ್ನು ಮುಂಚೆ ನೋಡಿದ್ದ ಪಶುವೈದ್ಯ ಡಾ. ಹರ್ಷವರ್ಧನ ಅಂದು ದೂರದ ಹಳ್ಳಿಯಲ್ಲಿ ಕಾಲುಬಾಯಿ ರೋಗದ ಲಸಿಕೆಯ ಕೆಲಸದಲ್ಲಿದ್ದರು. ಅವರು ಬಂದದ್ದು ಮರುದಿನ ಬೆಳಿಗ್ಗೆ. ಇಷ್ಟು ದಿನ ಕಾಯಿಸಿದ ಮನೆಯವರಿಗೆ ಆ ಒಂದು ರಾತ್ರಿ ಕಾಯುವುದು ದುಸ್ತರವಾಯಿತು.

ವೈದ್ಯರು ಬಂದವರೇ ಸಿರಿಂಜು ತೆಗೆಯಲಿಲ್ಲ. ಸೋಮಿಯ ಒಸಡು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹಿಂಗಾಲು ಮುಟ್ಟಿದರು.

"ನೀವು ಹೇಳಿದ್ರು ಅಂತ ನಾನು ಇದನ್ನ ಮಾಡಲ್ಲ. ವಾಸಿ ಆಗೋ ನಾಯಿಗೆ, ಸಾಕೋಕೆ ಬೇಜಾರು ಅಂತ ಇದನ್ನ ಮಾಡಲ್ಲ. ಇದು ವಾಸಿ ಆಗಲ್ಲ. ರಕ್ತ ಯಾವಾಗಿಂದ ಕಾರ್ತಿದೆ?"

ಮಂಜುನಾಥಪ್ಪ ಮಾತ್ರೆಯ ವಿಷಯ ಹೇಳಿದ. ವೈದ್ಯರು ಬೈಯಲಿಲ್ಲ.

"ನಮ್ಮ ಮಾತ್ರೆಗೆ ನಾಯಿ ಹೊಟ್ಟೇಲಿ ಹುಣ್ಣಾಗ್ತದೆ, ಕಿಡ್ನಿ ಹೋಗ್ತದೆ. ನಾಯಿಗೆ ಅಂತಲೇ ನೋವಿನ ಔಷಧಿ ಇದೆ. ಕೇಳಿದ್ರೆ ಕೊಡ್ತಿದ್ದೆ" ಎಂದಷ್ಟೇ ಹೇಳಿದರು.

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ಹೊರಗೆ ಹೋಗಲು ತಿರುಗಿದ.

"ಎಲ್ಲಿಗೆ ಹೊರಟ್ರಿ?" ಎಂದಳು ಪ್ರತಿಮಾ.

"ನಂಗೆ ನೋಡಾಕಾಗಾದಿಲ್ಲ."

"ನಿಮಗೆ ಆಗಲ್ಲ, ಸರಿ. ಅದ್ಕೆ? ಗುರ್ತಿಲ್ಲದವ್ರ ಕೈಲಿ ಬಿಟ್ಟು ಹೋಗ್ತೀರಾ? ಅದು ಬಾಗಿಲು ನೋಡ್ತಾ ಇರ್ಲಾ?"

ಅವನು ಬಂದು ಕೂತ. ಸೋಮಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಶೇಷಮ್ಮ ಒಳಗಿನಿಂದ ಒಂದು ಲೋಟದಲ್ಲಿ ನೀರು ಕಳಿಸಿದರು. ಶರಾವತಿ ಅದರಲ್ಲಿ ಬೆರಳದ್ದಿ ಸೋಮಿಯ ತುಟಿಗೆ ಹಚ್ಚಿದಳು.

ವೈದ್ಯರು ಪ್ರತಿಯೊಂದನ್ನೂ ಮೊದಲೇ ಹೇಳಿ ಮಾಡಿದರು. ಮೊದಲ ಇಂಜೆಕ್ಷನ್ ನಿದ್ದೆಗೆ. ಅದನ್ನು ಚುಚ್ಚುವಾಗ ಸೋಮಿ ಸ್ವಲ್ಪ ಅಲುಗಿತು. ನಿಧಾನಕ್ಕೆ ಮುಲುಗುವುದು ನಿಂತಿತು. ಹುಣ್ಣನ್ನು ಮುಟ್ಟಿದರೂ ಅದಕ್ಕೆ ತಿಳಿಯಲಿಲ್ಲ. ಆಮೇಲೆ ಮುಂಗಾಲಿನ ಕೂದಲು ಬೋಳಿಸಿ ರಕ್ತನಾಳಕ್ಕೆ ಎರಡನೆಯದು. "ಕಣ್ಣು ತೆರೆದೇ ಇರ್ತದೆ. ಒಂದೆರಡು ಸಲ ಉಸಿರು ಎಳೆದ ಹಾಗೆ ಕಾಣಬಹುದು. ಅದು ನೋವಲ್ಲ, ಹೆದರಬೇಡಿ" ಎಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಅದನ್ನು ಕಿವಿಯಿಂದ ತೆಗೆದರು.

"ಆಯ್ತು."

"ಇಷ್ಟೇನಾ?" ಎಂದ ಮಂಜುನಾಥಪ್ಪ.

"ಇಷ್ಟೇ."

"ನೋವಾಯ್ತಾ ಅದ್ಕೆ?"

"ಸೂಜಿ ಚುಚ್ಚಿದ್ದು ಮಾತ್ರ ಗೊತ್ತಾಗಿರ್ತದೆ."

"ಅದ್ಕಿಂತ ಮುಂಚೆ?"

ವೈದ್ಯರು ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ತಲೆ ಎತ್ತದೆ, "ಮುಂಚೆ ತುಂಬಾ ಆಗಿದೆ" ಎಂದರು.

ಬಾವಿಯಿಂದಲೂ ಹಳ್ಳದಿಂದಲೂ ದೂರ, ನರಿ ಕೆದಕದಷ್ಟು ಆಳಕ್ಕೆ ಗುಂಡಿ ತೆಗೆದರು. ಇಂಜೆಕ್ಷನ್ನಿನ ಮದ್ದು ಮೈಯಲ್ಲಿ ಉಳಿದಿರುತ್ತದೆ, ಬೇರೆ ಪ್ರಾಣಿ ತಿಂದರೆ ಅದೂ ಸಾಯುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಉಮೇಶ್ ಕೂಡ ಬಂದು ಮಣ್ಣು ಎಳೆದ. ಕೊನೆಗೆ ಕೈ ತೊಳೆಯುವಾಗ ಮಂಜುನಾಥಪ್ಪ ಹೇಳಿದ:

"ಶಿವರಾತ್ರಿ ಹೊತ್ತಿಗೇ ಕರೆಸ್ಬೇಕಿತ್ತು."

ಇಲ್ಲ ಬಿಡಿ, ಆಗ ಗೊತ್ತಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ ಎಂದುಕೊಂಡಿದ್ದ. ಶರಾವತಿ ಹೇಳಲಿಲ್ಲ. ಶೇಷಮ್ಮನೂ ಹೇಳಲಿಲ್ಲ. ಕೊಟ್ಟಿಗೆಯ ನೆಲವನ್ನು ಎಷ್ಟು ತೊಳೆದರೂ ಆ ವಾಸನೆ ಬೇಗ ಹೋಗಲಿಲ್ಲ.

ಓದುವವರೇ, ಕೇಳುವವರೇ, ಸೋಮಿಯ ಮಟ್ಟಿಗೆ ಈ ಮನೆಯವರು ಕಲಿತದ್ದು ಉಪಯೋಗಕ್ಕೆ ಬರಲಿಲ್ಲ. ನಿಮ್ಮ ಮನೆಯ ನಾಯಿಗೆ ಇನ್ನೂ ಬರಬಹುದು. ಇವತ್ತೇ ಅದರ ಮೈಮೇಲೆ, ಹೊಟ್ಟೆಯಡಿ ಕೈಯಾಡಿಸಿ ನೋಡಿ. ಸಣ್ಣ ಗಂಟು ಸಿಕ್ಕರೆ ನಾಟಿ, ಕೊಯ್ಲು, ಮದುವೆ ಎಂದು ಮುಂದೂಡಬೇಡಿ, ಸಣ್ಣದಿರುವಾಗ ತೆಗೆಸಬಹುದು. ಹೆಣ್ಣುನಾಯಿಗೆ ಎಳೆಯದರಲ್ಲೇ ಸಂತಾನಹರಣ ಮಾಡಿಸಿದರೆ ಇಂಥ ಗಂಟು ಬರುವುದೇ ಕಡಿಮೆ. ನಿಮ್ಮ ಮಾತ್ರೆ ನಿಮಗೇ ಇರಲಿ. ಬೆಳೆಗೆ ತಂದ ವಿಷವನ್ನು ನಾಯಿಗೆ ಹಾಕುವುದು ಅಪರಾಧ. ಅದಕ್ಕಿಂತ ಮೊದಲು ಅದು ಕ್ರೌರ್ಯ.

ನಾಯಿಗೆ ವಯಸ್ಸಾದರೆ ಅದೇ ಒಂದು ಕಾಯಿಲೆಯಲ್ಲ. ಕುಂಟಿಕೊಂಡು ಬಂದು ತಟ್ಟೆ ನೆಕ್ಕುವ ಮುದಿ ನಾಯಿಯನ್ನು ಸಾಕಿ, ಸಾಕಲೇಬೇಕು. ಆದರೆ ಅದು ತಾನಾಗಿ ತಿನ್ನುವುದಿಲ್ಲ, ತಾನಾಗಿ ಏಳುವುದಿಲ್ಲ, ವಾಸಿಯಾಗುವುದಿಲ್ಲ, ನೋವೂ ತಗ್ಗುವುದಿಲ್ಲ ಎಂದಾದಾಗ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ವೈದ್ಯರ ಎದುರು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರು ಅದರ ಗೋಣಿ ಬದಲಿಸುತ್ತಾರೋ ಅವರ ಮಾತಿಗೆ ಮೊದಲು ಕಿವಿಗೊಡಿ. ಬೇಡ ಎನ್ನುವವರು ಒಂದು ಇಡೀ ದಿನ ಅದರ ಪಕ್ಕ ಕೂತು, ಆಮೇಲೆ ಬೇಡ ಎನ್ನಲಿ.

ತಾನಾಗಿ ಹೋಗಲಿ ಎನ್ನುವುದು ಸುಲಭ. ಹಾಗೆ ಹೋಗುವುದು ಮಾತ್ರ ಸುಲಭವಲ್ಲ. ಆ ದಾರಿಯನ್ನು ನಿಮ್ಮ ನಾಯಿ ಒಂದೇ ನಡೆಯಬೇಕಾಗುತ್ತದೆ.